ಭೀಮರಾಯ ಸರ್ ನೋಡಿದ ಹಕ್ಕಿ

ಭೀಮರಾಯ ಸರ್ ಜೊತೆ ಹಕ್ಕಿ ನೋಡಲು ಹೋದವರು ಕಾಡಿನೊಳಗೆ ಖಡಕ್ ರೊಟ್ಟಿ ತಿನ್ನುವಂತಿರಲಿಲ್ಲ. ಒಬ್ಬರು ರೊಟ್ಟಿ ಮುರಿದ ಸಪ್ಪಳಕ್ಕೆ ಅರ್ಧ ಕಾಡು ಹಾರಿಹೋಗುತ್ತದೆ ಎಂಬುದು ಅವರ ವಾದ. ಹೀಗಾಗಿ ದಾಂಡೇಲಿಗೆ ಹೊರಡುವ ಹಿಂದಿನ ದಿನ ಆಳಂದದ ನಮ್ಮ ಮನೆಯಲ್ಲಿ ಮೆತ್ತನೆಯ ರೊಟ್ಟಿಯನ್ನೇ ಬಡಿಯಬೇಕಿತ್ತು. ಗಾಡಿ ಜೇವರ್ಗಿಗೆ ಬಂದೊಡನೆ ಸರ್ ಮೊದಲು ಬುತ್ತಿ ಬಿಚ್ಚಿಸಿ, ಒಂದು ರೊಟ್ಟಿಯನ್ನು ಮಡಚಿ ನೋಡಿ, ಮುರಿಯಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಹತ್ತಿ ಕೂಡುತ್ತಿದ್ದರು.

ಅವರು ಜೇವರ್ಗಿಯ ಹೈಸ್ಕೂಲಿನಲ್ಲಿ ನನಗೆ ಚಿತ್ರಕಲೆ ಕಲಿಸಿದ ಮಾಸ್ತರರು. ನಾನು ಮದುವೆಯಾಗಿ ಆಳಂದಕ್ಕೆ ಬಂದು ಔಷಧಿ ಅಂಗಡಿ ಇಟ್ಟುಕೊಂಡ ಮೇಲೂ ಅವರು ನನ್ನನ್ನು ಬಿಡಲಿಲ್ಲ. ನಿವೃತ್ತರಾದ ವರ್ಷ ಅಂಗಡಿಗೆ ಬಂದು, ಗಿರಾಕಿಗಳ ಎದುರಿಗೇ, ಬರೀ ಗುಳಿಗೆ ಎಣಿಸುತ್ತ ಕುಳಿತರೆ ಕಣ್ಣು ಹೋಗುತ್ತವೆ, ಕಾಡಿಗೆ ಬಾ ಎಂದರು. ಹಾಗೆ ಶುರುವಾದದ್ದು ವರ್ಷಕ್ಕೊಮ್ಮೆಯ ನಮ್ಮ ಪ್ರವಾಸ.

ಸರ್ ಹುಟ್ಟಿದ್ದು ಇಜೇರಿಯಲ್ಲಿ. ಚಿಕ್ಕಂದಿನಲ್ಲಿ ಅವರ ಕೆಲಸವೆಂದರೆ ಹೊಲದ ಮಂಚಿಕೆಯ ಮೇಲೆ ನಿಂತು, ಹೋ ಎಂದು ಕೂಗುತ್ತ, ಕವಣೆ ಬೀಸಿ, ಜೋಳದ ತೆನೆಗೆ ಬರುವ ಹಕ್ಕಿಗಳನ್ನು ಓಡಿಸುವುದು. ಗುರಿ ಚೆನ್ನಾಗಿತ್ತಂತೆ. ಆದರೆ ಕಲ್ಲು ಬೀಸುವ ಮುಂಚೆ ಹಕ್ಕಿ ಏನು ಮಾಡುತ್ತಿದೆ ಎಂದು ನೋಡುತ್ತ ನಿಂತುಬಿಡುತ್ತಿದ್ದರಂತೆ, ಅಷ್ಟರಲ್ಲಿ ತೆನೆ ಖಾಲಿ. "ನಮ್ಮಪ್ಪ ನನ್ನ ಬೈದಷ್ಟು ಗುಬ್ಬಿನ ಬೈದಿಲ್ಲ ನೋಡ್ರಿ" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು.

ಆ ಅಭ್ಯಾಸ ಹೋಗಲಿಲ್ಲ. ಯಾರೇ ಆಗಲಿ ಹಕ್ಕಿ ಕಂಡಿತು ಎಂದರೆ ಸಾಲದು, ಅದು ಏನು ಮಾಡುತ್ತಿತ್ತು ಎಂದು ಹೇಳಬೇಕು. ಹೇಳಿದರೆ ಮಾತ್ರ ಸರ್ ತಮ್ಮ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಆ ಹಕ್ಕಿಯನ್ನು ಬರೆಯುತ್ತಿದ್ದರು. ಹೆಸರು ಪುಸ್ತಕದಲ್ಲಿ ಸಿಗುತ್ತದೆ, ಬಣ್ಣವೂ ಸಿಗುತ್ತದೆ, ಇವತ್ತು ಮುಂಜಾನೆ ಅದು ಮಾಡಿದ್ದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ ಎನ್ನುವುದು ಅವರ ತರ್ಕ.

ಈ ನಿಯಮಕ್ಕೆ ಮೊದಲು ಸಿಕ್ಕಿಬಿದ್ದವರು ನಮ್ಮ ಗುಂಪಿನ ಮಲ್ಲಿಕಾರ್ಜುನ. ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್, ಬಹಳ ವಿನಯವಂತರು. ನಮ್ಮ ಕಡೆಯ ವಿನಯ ಎಂಥದ್ದೆಂದರೆ, ಹಿರಿಯರು ಕೈ ಮಾಡಿ ತೋರಿಸಿದ ಮೇಲೆ ಕಾಣಲಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಮೊದಲ ಪ್ರವಾಸದಲ್ಲಿ ಅವರು ಎಲ್ಲಕ್ಕೂ ಹೌದ್ರಿ ಹೌದ್ರಿ ಎನ್ನುತ್ತ ನಡೆದಿದ್ದರು. ಸರ್ ಒಂದು ಕಡೆ ನಿಂತು ಬಿದಿರ ಮೆಳೆಯ ಕಡೆ ಬೆರಳು ಮಾಡಿದರು. ಮಲ್ಲಿಕಾರ್ಜುನ ದುರ್ಬೀನು ಏರಿಸಿ, ಕಂಡಿತು ಎಂದರು.

"ಏನ್ ಮಾಡಾಕತ್ತೈತ್ರಿ?"

"ಕುಂತೈತ್ರಿ ಸರ್."

"ಯಾ ಕಡೆ ಮಾರಿ ಮಾಡೈತಿ?"

"ನಿಮ್ಮ ಕಡೆನೇ ಮಾಡೈತ್ರಿ."

ಸರ್ ಸಾವಕಾಶ ನಡೆದುಹೋಗಿ ಮೆಳೆಯಿಂದ ಆ 'ಹಕ್ಕಿ'ಯನ್ನು ಕಿತ್ತು ತಂದು ಅವರ ಕೈಗೆ ಕೊಟ್ಟರು. ಒಣಗಿದ ಒಂದು ಎಲೆ. ನಾವು ನಕ್ಕ ನಗೆಗೆ, ರೊಟ್ಟಿ ಮುರಿಯದೆಯೇ, ಕಾಡಿನಲ್ಲಿದ್ದ ಹಕ್ಕಿಗಳೆಲ್ಲ ಹಾರಿಹೋದವು. ಅಂದಿನಿಂದ ಮಲ್ಲಿಕಾರ್ಜುನ, ಕಾಣದಿದ್ದರೆ ಕಾಣಲಿಲ್ಲ ಎಂದು ಧೈರ್ಯವಾಗಿ ಹೇಳಲು ಕಲಿತರು. ಕಾರ್ಖಾನೆಯಲ್ಲೂ ಹಾಗೇ ಹೇಳತೊಡಗಿ ಸಾಹೇಬರಿಂದ ಬೈಸಿಕೊಂಡರಂತೆ.

ಇಷ್ಟೆಲ್ಲ ನೋಡಿದ ಸರ್‌ಗೆ ಒಂದೇ ಒಂದು ಹಕ್ಕಿ ಒಲಿದಿರಲಿಲ್ಲ. ಕಾಕರಣೆ. ದಟ್ಟ ಕಾಡಿನ ನೆರಳಲ್ಲಿ ಅಲುಗಾಡದೆ ಕೂಡುವ ಹಕ್ಕಿ ಅದು. ಗಂಡಿಗೆ ಕಪ್ಪು ತಲೆ, ಕೊರಳಿಗೊಂದು ಬಿಳಿ ಪಟ್ಟಿ, ಹೊಟ್ಟೆ ಹಣ್ಣು ಮೆಣಸಿನಕಾಯಿಯಷ್ಟು ಕೆಂಪು. ಚಿತ್ರದಲ್ಲಿ ಎಷ್ಟೋ ಸಲ ಬರೆದಿದ್ದರು, ಕಣ್ಣಿಗೆ ಬಿದ್ದಿರಲಿಲ್ಲ. ಒಂಬತ್ತು ವರ್ಷ ಅದಕ್ಕಾಗಿಯೇ ಹೋಗಿ ಬಂದಿದ್ದರು. ನಮಗೆ ಮಂಗಟ್ಟೆ, ಮರಕುಟಿಗ ಎಂದು ಏನೇನೋ ತೋರಿಸುತ್ತಿದ್ದರೂ ಅವರ ಕಣ್ಣು ಅದೊಂದನ್ನೇ ಹುಡುಕುತ್ತಿರುವುದು ಎಲ್ಲರಿಗೂ ಗೊತ್ತಿತ್ತು.

ಕಳೆದ ವರ್ಷ ಅದು ಸಿಗುವುದಿತ್ತು. ತಪ್ಪಿಸಿದವಳು ನಾನು.

ಮಳೆ ಮುಗಿದಿದ್ದರೂ ಕಾಡಿನ ನೆಲ ಆರಿರಲಿಲ್ಲ. ನನ್ನ ಕಾಲಲ್ಲಿ ಏನೋ ತಣ್ಣಗಾಯಿತೆಂದು ಸಾಕ್ಸ್ ಇಳಿಸಿ ನೋಡಿದರೆ ರಕ್ತ ಕುಡಿದು ಉಬ್ಬಿದ ಜಿಗಣೆ. ನಮ್ಮ ಕಡೆಯ ಒಣ ನೆಲದಲ್ಲಿ ಬೆಳೆದ ಕಾಲುಗಳಿಗೆ ಇದೆಲ್ಲ ಎಲ್ಲಿಯ ಪರಿಚಯ? ದಿನವೂ ಹತ್ತು ಮಂದಿಗೆ ಗಾಯದ ಮುಲಾಮು ಮಾರುವ ನಾನು ತಲೆ ಸುತ್ತಿ ದಾರಿಯಲ್ಲೇ ಕುಳಿತುಬಿಟ್ಟೆ. ಕಾಡಿನಲ್ಲಿ ಯಾರನ್ನೂ ಒಂಟಿಯಾಗಿ ಬಿಡಬಾರದು. ಅಲ್ಲಿಯ ಗೈಡ್ ವಾಸು ಉಳಿದವರನ್ನು ಕರೆದುಕೊಂಡು ಮುಂದೆ ಹೋದ, ಸರ್ ನನ್ನ ಬಳಿ ಉಳಿದರು. ಮಂಡಿಯೂರಿ ಕುಳಿತು ಜಿಗಣೆ ಬಿಡಿಸಿ, ಅದನ್ನೂ ಕನ್ನಡಕ ಸರಿಮಾಡಿಕೊಂಡು ನೋಡಿದರು. ಹೊಟ್ಟೆ ತುಂಬಿ ಹೊರಳಾಡುತ್ತಿದೆ, ಮದುವೆ ಊಟ ಮಾಡಿದ ಬೀಗರ ಹಾಗೆ ಎಂದರು. ನಾನು ಅಳುತ್ತ ನಗುತ್ತ ಕುಳಿತಿದ್ದೆ.

ಅರ್ಧ ತಾಸಿನ ಮೇಲೆ ಮರಳಿದವರ ಮುಖ ನೋಡಿದೊಡನೆ ನನಗೆ ತಿಳಿಯಿತು. ಕಾಕರಣೆ ಕಂಡಿತ್ತು. ಕೊನೆಗೆ ಮಲ್ಲಿಕಾರ್ಜುನ ತಲೆ ತಗ್ಗಿಸಿ ಹೇಳಿದರು. ಸರ್ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ಪಟ್ಟಿ ತೆಗೆದು, ಒಬ್ಬೊಬ್ಬರನ್ನೇ ನಿಲ್ಲಿಸಿ, ಏನು ಮಾಡುತ್ತಿತ್ತು ಎಂದು ಕೇಳಿ ಬರೆದುಕೊಂಡರು. ಸಂತೋಷದಿಂದಲೇ ಕೇಳಿದರು. ಆದರೆ ಆ ರಾತ್ರಿ ಊಟ ಬೇಗ ಮುಗಿಸಿ, ಆ ಪಟ್ಟಿಯನ್ನೇ ಮತ್ತೆ ಮತ್ತೆ ಓದುತ್ತ ಕುಳಿತರು.

ಮರುದಿನ ಬೆಳಿಗ್ಗೆ ನಾವು ಹೊರಡಬೇಕು. ಸರ್‌ಗೆ ಕಾಕರಣೆ ತೋರಿಸಪ್ಪಾ ಎಂದು ನಾನು ವಾಸುವಿನ ಕೈಕಾಲು ಹಿಡಿಯುವುದೊಂದು ಬಾಕಿ. ಗಾಡಿ ಬಿಡುವ ಮುಂಚೆ ಒಂದು ತಾಸು ಸಿಕ್ಕಿತು. ವಾಸು, ಸರ್, ನಾನು ಮೂವರೇ ಹೋದೆವು. ಈ ಸಲ ಎರಡು ಕಾಲಿಗೂ ಮೊಣಕಾಲಿನವರೆಗೆ ಸುಣ್ಣ, ತಂಬಾಕು ಎಲ್ಲ ಮೆತ್ತಿಕೊಂಡಿದ್ದೆ. ಹಳ್ಳ ದಾಟಿದ ಮೇಲೆ ವಾಸು ನಿಂತು ಗದ್ದ ಎತ್ತಿ ತೋರಿಸಿದ. ನಮ್ಮಿಂದ ಇಪ್ಪತ್ತು ಹೆಜ್ಜೆಯೂ ಇಲ್ಲ. ಅಡ್ಡ ಕೊಂಬೆಯ ಮೇಲೆ ಗಂಡು ಕಾಕರಣೆ, ಕೆಂಪು ಹೊಟ್ಟೆಯನ್ನು ನಮ್ಮ ಕಡೆಗೇ ಮಾಡಿ ಕುಳಿತಿತ್ತು. ಮೆಲ್ಲಗೆ ತಲೆ ಹೊರಳಿಸಿತು. ಬಾಲ ಒಮ್ಮೆ ಬಿಚ್ಚಿ ಮುಚ್ಚಿತು. ಕೆಳಗೆ ಎರಗಿ ಏನನ್ನೋ ಕಚ್ಚಿಕೊಂಡು ಹಾರಿಹೋಯಿತು.

ತಿರುಗಿ ನೋಡಿದರೆ ಸರ್ ಕನ್ನಡಕ ತೆಗೆದು ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ನೋಡಿದ್ರಿಲ್ರಿ ಸರ್?"

"ನೋಡೀನವ್ವಾ."

ಖುಷಿಯಲ್ಲಿ, ಸೇಡು ತೀರಿಸಿಕೊಳ್ಳುವ ತುಂಟತನದಲ್ಲಿ ನಾನು ಕೇಳಿಯೇಬಿಟ್ಟೆ. "ಏನ್ ಮಾಡಾಕತ್ತಿತ್ತು ಹೇಳ್ರಿ."

ಸರ್ ಖಾಲಿ ಕೊಂಬೆಯ ಕಡೆ ನೋಡಿದರು. "ಗೊತ್ತಿಲ್ಲವ್ವಾ. ಕಣ್ಣಾಗ ನೀರು ತುಂಬಿದ್ವು. ಕೆಂಪು ಅಷ್ಟ ಕಾಣಿಸ್ತು."

ಕೇಳಬಾರದಿತ್ತು ಎನಿಸಿತು. ಅವರೇ ನಕ್ಕು ನನ್ನ ತಲೆಯ ಮೇಲೊಂದು ಮೊಟಕಿದರು. ಗಾಡಿಯಲ್ಲಿ ನನ್ನ ಹೆಸರಿನ ಮುಂದೆ ಕಾಕರಣೆ ಬರೆದರು, ತಮ್ಮ ಹೆಸರಿನ ಮುಂದೆ ಬರೆಯಲಿಲ್ಲ. ಎಲ್ಲರೂ ಗಲಾಟೆ ಮಾಡಿದೆವು. ಮಲ್ಲಿಕಾರ್ಜುನ ಅವರಂತೂ ಪೆನ್ನು ಕಸಿದುಕೊಳ್ಳಲು ಹೋದರು. ಕಾಯ್ದೆ ಮಾಡಿದವರೇ ಮುರಿದರೆ ಹೇಗೆ ಎಂದು ಸರ್ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಕಣ್ಣು ಮುಚ್ಚಿದರು. ದಾರಿಯುದ್ದಕ್ಕೂ ನಿದ್ದೆಯಲ್ಲೂ ಅವರ ಮುಖದಲ್ಲಿ ನಗು ಇತ್ತು.

ಜೇವರ್ಗಿಯಲ್ಲಿ ಇಳಿದು, ಚೀಲ ಹೆಗಲಿಗೇರಿಸಿ, ಕಿಟಕಿಯ ಬಳಿ ಬಂದರು. "ಮುಂದಿನ ವರ್ಷ ಮತ್ತ ಹೋಗೂಣು. ಏನ್ ಮಾಡ್ತೈತಿ ನೋಡೂದ್ ಬಾಕಿ ಐತಿ."

ಈ ಮಳೆಗಾಲದಲ್ಲಿ ಸರ್ ತೀರಿಕೊಂಡರು. ಮುಂಜಾನೆ ಚಹಾ ಕುಡಿದು ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು, ಇನ್ನು ನಾಲ್ಕು ತಿಂಗಳು ತಡೆಯಲಿಲ್ಲವಲ್ಲ ಎಂದು.

ಆದರೂ ಹೋದೆವು. ಹಳ್ಳದ ಆಚೆ, ಬೇರೊಂದು ಮರದಲ್ಲಿ, ಕಾಕರಣೆ ಮತ್ತೆ ಸಿಕ್ಕಿತು. ಕಾಲು ತಾಸು ಕುಳಿತಿತ್ತು. ನಾನು ರೆಪ್ಪೆ ಬಡಿಯದೆ ನೋಡಿದೆ. ಎರಡು ಸಲ ಕೊರಳು ಕೆರೆದುಕೊಂಡಿತು. ಒಂದು ಹಸಿರು ಹುಳ ಹಿಡಿದು ಕೊಂಬೆಗೆ ಬಡಿದು ನುಂಗಿತು. ಹಾರುವ ಮುಂಚೆ ರೆಕ್ಕೆ ಸ್ವಲ್ಪ ಸಡಿಲ ಬಿಟ್ಟಿತು. ಅಷ್ಟೂ ನೋಡಿಕೊಂಡು ಬಂದಿದ್ದೇನೆ ಸರ್, ಒಂದನ್ನೂ ಬಿಟ್ಟಿಲ್ಲ.