ಕುಂದಾಣದ ಬಿಳಿ ಕಾಗದ

ತೊಂಬತ್ತರ ದಶಕದ ಶುರುವಿನಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಗಾಳಿಯಲ್ಲಿ ತೇಲುವ ಧೂಳು ಮತ್ತು ಹೊಗೆಯ ಕಣಗಳನ್ನು ಅಳೆಯುವುದು. ಅವು ಬಿಸಿಲನ್ನು ಎಷ್ಟು ತಡೆಯುತ್ತವೆ, ಮಳೆಗೆ ಏನು ಮಾಡುತ್ತವೆ ಎಂಬುದು ನಮ್ಮ ಮೇಷ್ಟ್ರ ಸಂಶೋಧನೆ. ಕುಂದಾಣದ ಹತ್ತಿರ ಒಂದು ರೈತರ ಮನೆಯ ಮಾಳಿಗೆಯ ಮೇಲೆ ಗಾಳಿ ಹೀರುವ ಯಂತ್ರ ಇಟ್ಟಿದ್ದೆವು. ಪ್ರತಿ ಮಂಗಳವಾರ ಹತ್ತು ಗಂಟೆಗೆ ಹೋಗಿ ಅದಕ್ಕೆ ಧೂಳು ಹಿಡಿಯುವ ಬಿಳಿ ಕಾಗದ ಹಾಕಿ, ದೇವನಹಳ್ಳಿಯ ಇನ್ನೊಂದು ಯಂತ್ರ ನೋಡಿಕೊಂಡು, ಸಂಜೆ ಬಂದು ಕಾಗದ ಬಿಚ್ಚಿ ತೂಗಲು ತರುತ್ತಿದ್ದೆ. ಆ ಮನೆಯಾಕೆಯನ್ನು ಅಕ್ಕ ಎನ್ನುತ್ತಿದ್ದೆ.

ಬೇಸಿಗೆ ಬಂತು. ದೇವನಹಳ್ಳಿಯ ಕಾಗದ ಮಣ್ಣಿನ ಬಣ್ಣಕ್ಕೆ ತಿರುಗಿತು, ಕುಂದಾಣದ್ದು ಹೆಚ್ಚುಕಡಿಮೆ ಬೆಳ್ಳಗೇ ಉಳಿಯಿತು. ಒಂದು ಟ್ರ್ಯಾಕ್ಟರ್ ಹೋದರೆ ಎದುರಿನ ಮನುಷ್ಯ ಕಾಣದ ದಾರಿ ಅಕ್ಕನ ಮನೆಯದು.

"ಯಂತ್ರ ಸರಿಯಾಗೇ ಇದೆ, ನೀನು ಸರಿಯಾಗಿ ನೋಡ್ಕೊಳ್ತಿಲ್ಲ. ಇನ್ನೊಂದು ವಾರ ನೋಡಿ ಬೇರೆಯವರನ್ನ ಕಳಿಸ್ತೀನಿ" ಎಂದರು ಮೇಷ್ಟ್ರು. ಕೆಲಸ ಹೋಗುವ ಭಯ ಇದ್ದೇ ಇತ್ತು. ಅದಕ್ಕಿಂತ ಆ ಬಿಳುಪೇ ತಲೆ ತಿಂದಿತು. ಅಷ್ಟು ಧೂಳು ಎಲ್ಲಿಗೆ ಹೋಗುತ್ತದೆ?

ಮುಂದಿನ ಮಂಗಳವಾರ ಮೊದಲ ಬಸ್ಸಿಗೇ ಹೋದೆ. ಅಕ್ಕ ಮತ್ತು ಪಕ್ಕದ ಮನೆಯ ಇಬ್ಬರು ಹೆಂಗಸರು ಬೋರ್‌ವೆಲ್ಲಿನಿಂದ ಕೊಡಗಟ್ಟಲೆ ನೀರು ಹೊತ್ತು ತಂದು, ಅಂಗಳಕ್ಕಷ್ಟೇ ಅಲ್ಲ, ರಸ್ತೆವರೆಗಿನ ಗಾಡಿದಾರಿಗೂ ಚಿಮುಕಿಸುತ್ತಿದ್ದರು. ನಾನು ಹತ್ತಕ್ಕೆ ಬರುವಷ್ಟರಲ್ಲಿ ಮೇಲೆ ಒಣಗಿರುತ್ತಿದ್ದರಿಂದ ಇದು ಕಣ್ಣಿಗೆ ಬಿದ್ದಿರಲಿಲ್ಲ.

"ಏನಕ್ಕ ಇದು?"

"ನೀನೇ ಹೇಳಿದ್ಯಲ್ಲವ್ವ, ಪೇಪರ್ ಕೊಳೆ ಆಗ್ಬಾರ್ದು ಅಂತ. ಮಧ್ಯಾಹ್ನಕ್ಕೂ ಒಂದ್ಸಲ ಹಾಕ್ತೀವಿ."

ಹೇಳಿದ್ದು ನಿಜ. ಮೊದಲ ದಿನ, ಯಾರೂ ಮುಟ್ಟಬಾರದು, ಕೊಳೆಯಾಗಬಾರದು ಎಂದು ಮೇಡಮ್ಮಿನ ಗತ್ತಿನಲ್ಲಿ ಅಪ್ಪಣೆ ಕೊಟ್ಟಿದ್ದೆ. ಕಾಗದದ ಮೇಲೆ ಕೂರುವ ಧೂಳನ್ನೇ ಅಳೆಯಲು ಬರುತ್ತೇನೆ ಎಂದು ಈಗ ಹೇಳಿದೆ. ನಗುತ್ತಾರೆ ಎಂದುಕೊಂಡೆ. ಅಕ್ಕ ಕೊಡ ಕೆಳಗಿಟ್ಟರು.

"ಇಷ್ಟೇ ತಾನೆ? ಮೊದ್ಲೇ ಹೇಳಿದ್ರೆ ನಂಗೆ ಅರ್ಥ ಆಗ್ತಿರ್ಲಿಲ್ವ?"

ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಅವತ್ತು ಯಂತ್ರ ಓಡಿಸದೆ ವಾಪಸ್ ಬಂದು ಮೇಷ್ಟ್ರಿಗೆ ಎಲ್ಲ ಒಪ್ಪಿಸಿದೆ. ಅವರು ಆ ಬಿಳಿ ಮಂಗಳವಾರಗಳನ್ನೆಲ್ಲ ಲೆಕ್ಕದಿಂದ ಹೊಡೆದುಹಾಕಿ, ನನ್ನನ್ನು ಉಳಿಸಿಕೊಂಡರು.

ಮರುವಾರ ದಾರಿ ಒಣಗಿತ್ತು. ಸಂಜೆ ಕಾಗದ ಬಿಚ್ಚುವಾಗ ಅಕ್ಕ ಮೊದಲ ಸಲ ಮಾಳಿಗೆ ಹತ್ತಿ ಬಂದರು. ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದರು.

"ನಮ್ ಮಣ್ಣು ಕೆಂಪು. ಇದ್ಯಾಕವ್ವ ಕೆಂಪಿನ ಜೊತೆ ಕಪ್ಪೂ ಐತೆ? ಈ ಕಪ್ಪು ಎಲ್ಲಿಂದ ಬಂತು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.