ಅವರ್ಸೆಯ ಓಗೊಡುವ ಬಾವಿ

ಗೆಳತಿಯರೇ, ಇವತ್ತು ನಾನು ಗಂಡನ ಹೆಸರು ಹಿಡಿದು ಕೂಗಿದೆ. ಅದೂ ರಸ್ತೆಯ ಪಕ್ಕ, ಅಣ್ಣನ ಎದುರಿಗೇ.

ಅವರು ತೀರಿಕೊಂಡ ಮೇಲೆ ನಾನು ಊರು ಬಿಟ್ಟು ಹೊರಟದ್ದು ಇದೇ ಮೊದಲು. ನನ್ನ ಮನಸ್ಸು ಹಗುರಾಗಲೆಂದು ಅಣ್ಣ ಕಾರವಾರದಿಂದ ಅಂಕೋಲೆಗೆ ಎತ್ತಿನ ಗಾಡಿಯನ್ನು ಬೇಕೆಂದೇ ನಿಧಾನವಾಗಿ ಹೊಡೆದ. ಬೆಳಿಗ್ಗೆ ಎರಡು ತಲೆಯ ತೆಂಗಿನಮರ ತೋರಿಸಿದ. ಮಧ್ಯಾಹ್ನ ಅವರ್ಸೆಯಲ್ಲಿ, ಕೂಗಿದರೆ ಓಗೊಡುವ ಬಾವಿ.

ಬಾವಿಯ ಹತ್ತಿರ ಎಳನೀರು ಮಾರುವ ಅಜ್ಜಿ, "ಕೂಗು ತಂಗೀ" ಅಂದಳು. ನಾನು ಬಗ್ಗಿ ಮೆಲ್ಲಗೆ "ಹೋಯ್" ಅಂದೆ. ಬಾವಿ ಸುಮ್ಮನಿತ್ತು.

"ಹೋಯ್ ಅಂದ್ರೆ ಯಾರು ಅಂತ ತಿಳೂದು? ಹೆಸರು ಹಿಡ್ದು ಕರಿ."

ನನ್ನ ಬಾಯಿಗೆ ಬಂದದ್ದು ಒಂದೇ ಹೆಸರು. "ನಾರಾಯಣಾ!"

ಗಂಡನ ಹೆಸರೆಂದು ಹದಿನಾರು ವರ್ಷ ಭಜನೆಯಲ್ಲೂ ಆ ಹೆಸರು ಬಂದಾಗ ತುಟಿ ಮುಚ್ಚಿಕೊಂಡವಳು ನಾನು. ಬಾವಿಯ ತಳದಿಂದ ಅದು ತಿರುಗಿ ಬಂತು, ಸ್ಪಷ್ಟವಾಗಿ.

ಅಣ್ಣ ಹೌಹಾರಿದ. "ಎಂಥದೇ ಇದು! ಗಂಡನ ಹೆಸರು ಕೂಗೂದೇ? ಕೇಳಿದವ್ರು ಏನಂದಾರು?"

"ದೇವರ ಹೆಸರು ಹೇಳೂಕೂ ನಿನ್ನ ಅಪ್ಪಣೆ ಬೇಕೇನೋ ತಮ್ಮಾ?" ಅಂದಳು ಅಜ್ಜಿ.

ಅಣ್ಣ ಎತ್ತಿನ ಹಗ್ಗ ಸರಿಮಾಡುತ್ತ ನಿಂತ. ನನ್ನ ಕಡೆ ನೋಡದೆ, "ಇನ್ನೊಂದ್ಸಲ ಕೂಗ್ತಿಯೇನೇ? ಗಡಿಬಿಡಿ ಏನಿಲ್ಲ" ಅಂದ. ಅವನ ಆ ಮಾತನ್ನು ನಾನು ಮರೆಯಲಾರೆ.

ಮತ್ತೆ ಮತ್ತೆ ಕೂಗಿದೆ. ಮನೆಯಲ್ಲಿ ಮೂರು ಸಲ "ಹೋಯ್" ಅಂದರೂ ಜಗಲಿಯಿಂದ ಏಳದವರು, ಇವತ್ತು ಒಂದು ಕೂಗಿಗೂ ತಡಮಾಡಲಿಲ್ಲ. ಮೊದಲಿಂದಲೇ ಹೆಸರು ಹಿಡಿದು ಕರೆಯಬೇಕಿತ್ತು.