ನೀರು ನಿಲ್ಲಿಸಿದ ಇನ್ಸ್‌ಪೆಕ್ಟರ್

ಕೇರಳದ ಬಡಗಣ ತುದಿಯಲ್ಲಿ, ಹೊಳೆಯ ದಂಡೆಗೆ ಅಂಟಿಕೊಂಡಿದ್ದ ನಮ್ಮ ಪುಟ್ಟ ಪುರಸಭೆಗೆ ಅವರೊಬ್ಬರೇ ಹೆಲ್ತ್ ಇನ್ಸ್‌ಪೆಕ್ಟರ್. ಯಾರು ಏನೇ ದೂರು ತಂದರೂ ಕನ್ನಡಕ ಒರೆಸುತ್ತ, "ಮೊದಲು ನೋಡುವ" ಎನ್ನುತ್ತಿದ್ದರು.

ಒಂದು ಬೇಸಗೆಯಲ್ಲಿ ಹೊಳೆಯ ಮೀನುಗಳು ಸತ್ತು ತೇಲಿದವು. ಅಂದು ಮಾತ್ರ ಅವರು ಕಾಯಲಿಲ್ಲ. ಯಾರನ್ನೂ ಕೇಳದೆ, ಊರಿಗೆ ಹೊಳೆನೀರು ಎತ್ತುವ ಪಂಪ್‌ಹೌಸಿಗೆ ಬೀಗ ಹಾಕಿಸಿದರು. ಊರಿಡೀ ನಲ್ಲಿ ಒಣಗಿತು. ಕೊಡ ಹಿಡಿದ ಹೆಂಗಸರು ಅವರ ಮನೆಯ ಮುಂದೆಯೇ ನಿಂತು ಬೈದರು.

ಮರುದಿನ ಅವರು ಎರಡು ಬಾಟಲಿ ಹೊಳೆನೀರನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ರೈಲಿನಲ್ಲಿ ಕೊಚ್ಚಿಗೆ ಬಂದರು. ಆಗ ನಾನು ಅಲ್ಲೇ ಪಕ್ಕದ ಕಳಮಶ್ಶೇರಿಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೆ. ನೀರು ಪರೀಕ್ಷಿಸುವ ಲ್ಯಾಬಿಗೆ ನಾನೇ ಕರೆದೊಯ್ದೆ. ಪರೀಕ್ಷೆ ನಡೆದ ಎರಡು ದಿನವೂ ಅವರು ಹೊರಗಿನ ಬೆಂಚು ಬಿಟ್ಟು ಕದಲಲಿಲ್ಲ. ತಂದುಕೊಟ್ಟ ಚಹಾ ಹಾಗೇ ಆರುತ್ತಿತ್ತು.

"ಬೀಗ ಹಾಕುವ ಮೊದಲೇ ಮಕ್ಕಳು ಕುಡಿದಿದ್ದಾರಲ್ಲ" ಎಂದು ಒಮ್ಮೆ ತಮ್ಮಷ್ಟಕ್ಕೇ ಹೇಳಿಕೊಂಡರು.

ಕೊನೆಗೆ ಲ್ಯಾಬಿನ ಮೇಡಂ ವರದಿ ಹಿಡಿದು ಹೊರಬಂದು, "ವಿಷಂ ಒನ್ನುಮಿಲ್ಲ ಸಾರೇ" ಎಂದರು. ನೀರಿನಲ್ಲಿ ವಿಷವೇನೂ ಇರಲಿಲ್ಲ; ಬಿಸಿಲಿಗೆ ಹೊಳೆ ಬತ್ತಿ ಮೀನಿಗೆ ಉಸಿರು ಸಿಕ್ಕಿರಲಿಲ್ಲ, ಅಷ್ಟೆ.

ಇನ್ಸ್‌ಪೆಕ್ಟರು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ಆಮೇಲೆ ಊರಿನ ಪಂಪ್ ಆಪರೇಟರಿಗೆ ಫೋನ್ ಮಾಡಿ, "ಬೀಗ ತೆಗಿ ಮಾರಾಯ, ಎಲ್ಲ ಮನೆಗೂ ನೀರು ಬಿಡು" ಎಂದರು.

"ಸುಮ್ಮನೆ ನಿಲ್ಲಿಸಿದಿರಿ ಅಂತ ಜನ ಇನ್ನೂ ಬೈತಾರಲ್ಲ ಸರ್?" ಎಂದೆ.

"ಬೈಯಲಿ. ಕೆಟ್ಟದ್ದು ನನ್ನ ಲೆಕ್ಕಾಚಾರ ತಾನೇ? ಹೊಳೆ ಅಲ್ಲವಲ್ಲ!"

ಅಂದು ಕ್ಯಾಂಟೀನಿನಲ್ಲಿ ಅವರು ಮೂರು ಸಲ ಅನ್ನ ಹಾಕಿಸಿಕೊಂಡು ಉಂಡರು.